ಸುಂಕದ ಕಟ್ಟೆಯ ಮುಂದೆ ಆಫ್ರಿಕಾ

2023ರ ಫೆಬ್ರುವರಿಯಲ್ಲಿ ಘಾನಾದ ರಾಜಧಾನಿ ಅಕ್ರಾದ ಹಣಕಾಸು ಸಚಿವಾಲಯದ ಎದುರು ಪಿಂಚಣಿದಾರರು ಫಲಕ ಹಿಡಿದು ಧರಣಿ ಕೂತಿದ್ದರು. ಜೀವಮಾನದ ಉಳಿತಾಯವನ್ನು ಸರ್ಕಾರಿ ಬಾಂಡ್‌ಗಳಲ್ಲಿ ಇಟ್ಟಿದ್ದವರು ಅವರು. ಸಾಲದ ಕಂತು ಕಟ್ಟಲಾರೆ ಎಂದು ಹಿಂದಿನ ಡಿಸೆಂಬರಿನಲ್ಲಿ ಕೈಚೆಲ್ಲಿದ್ದ ಸರ್ಕಾರ, ಹಳೆಯ ಬಾಂಡ್ ಕೊಟ್ಟು ಕಡಿಮೆ ಬಡ್ಡಿಯ ಹೊಸ ಬಾಂಡ್ ತೆಗೆದುಕೊಳ್ಳಿ ಎಂದು ಜನರಿಗೆ ಹೇಳುತ್ತಿತ್ತು. ಹಣದುಬ್ಬರ ಶೇ 54 ಮುಟ್ಟಿತ್ತು. ಆ ವಯಸ್ಸಿನವರಿಗೆ ಇನ್ನಷ್ಟು ವರ್ಷ ಕಾಯಿರಿ ಎನ್ನುವ ಮಾತಿಗೆ ಏನು ಅರ್ಥವಿದ್ದೀತು? ಒಂದು ದಿನ ಆ ಗುಂಪಿನಲ್ಲಿ 73 ವರ್ಷದ ಸೋಫಿಯಾ ಅಕುಫೊ ಕೂಡ ಬಂದು ನಿಂತರು. ಮೂರು ವರ್ಷಗಳ ಹಿಂದಷ್ಟೇ ಘಾನಾದ ಮುಖ್ಯ ನ್ಯಾಯಮೂರ್ತಿ ಹುದ್ದೆಯಿಂದ ನಿವೃತ್ತರಾಗಿದ್ದವರು ಅವರು. ದೇಶದ ಅತ್ಯುನ್ನತ ನ್ಯಾಯಪೀಠದಲ್ಲಿ ಕೂತಿದ್ದವರೇ ತಮ್ಮ ದುಡ್ಡಿನ ಲೆಕ್ಕ ಕೇಳಲು ಬೀದಿಗೆ ಬರಬೇಕಾಯಿತು.

ಇದೇ ಸರ್ಕಾರದ ಅಧ್ಯಕ್ಷ ನಾನಾ ಅಕುಫೊ-ಆಡೊ 2017ರ ಡಿಸೆಂಬರಿನಲ್ಲಿ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಅವರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಯುರೋಪಿನ ತೆರಿಗೆದಾರರು ಕೊಡುವ ಹಣದಲ್ಲಿ ನಮ್ಮ ಆರೋಗ್ಯ, ಶಿಕ್ಷಣದ ನೀತಿ ನಡೆಸುವುದು ಸಾಕು ಎಂದಿದ್ದರು. ಆ ವಿಡಿಯೋ ಖಂಡದ ಉದ್ದಗಲಕ್ಕೂ ಓಡಾಡಿತು. 'ನೆರವಿನಾಚೆಯ ಘಾನಾ' ಎಂಬುದು ಸರ್ಕಾರದ ಘೋಷವಾಕ್ಯವೇ ಆಯಿತು. ಐದು ವರ್ಷ ತುಂಬುವ ಮೊದಲೇ, 2022ರ ಜುಲೈನಲ್ಲಿ, ಅದೇ ಸರ್ಕಾರ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲು ತಟ್ಟಿತು. ಮರುವರ್ಷ ಮೇ ತಿಂಗಳಲ್ಲಿ 300 ಕೋಟಿ ಡಾಲರ್ ಸಾಲ ಮಂಜೂರಾಯಿತು. ಸ್ವಾತಂತ್ರ್ಯ ಬಂದ ಮೇಲೆ ಘಾನಾ ಆ ನಿಧಿಯ ಮುಂದೆ ನಿಂತದ್ದು ಅದು ಹದಿನೇಳನೇ ಸಲ.

ಹದಿನೇಳು ಸಲ! ಚಿನ್ನ, ಕೊಕ್ಕೋ, ತೈಲ ಮೂರೂ ಇರುವ ದೇಶ. ವಿದ್ಯಾವಂತರಿರುವ, ಚುನಾವಣೆಯಲ್ಲಿ ಸೋತ ಪಕ್ಷ ಮನೆಗೆ ಹೋಗುವ ಸಂಪ್ರದಾಯ ಬೇರೂರಿರುವ ದೇಶ. ಅಲ್ಲೇ ಹೀಗಾದರೆ ಉಳಿದ ಕಡೆ ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಒಂದು, ಎಲ್ಲವೂ ವಸಾಹತುಶಾಹಿಯ ಪಾಪ. ಇನ್ನೊಂದು, ಅಲ್ಲಿನ ನಾಯಕರೆಲ್ಲ ಕಳ್ಳರು. ಎರಡರಲ್ಲೂ ನಿಜವಿದೆ, ಆದರೆ ಎರಡೂ ನಮ್ಮನ್ನು ದೂರ ಕರೆದೊಯ್ಯುವುದಿಲ್ಲ. ನಾನು ಬೇರೆ ಒಂದು ಕಡೆಯಿಂದ ನೋಡಲು ಬಯಸುತ್ತೇನೆ: ಸರ್ಕಾರದ ಬೊಕ್ಕಸಕ್ಕೆ ಹಣ ಯಾರ ಕೈಯಿಂದ ಬರುತ್ತದೆ? ಆ ಹಣದ ಲೆಕ್ಕವನ್ನು ಸರ್ಕಾರ ಯಾರಿಗೆ ಒಪ್ಪಿಸಬೇಕಾಗುತ್ತದೆ?

ಬ್ರಿಟಿಷರು ಘಾನಾವನ್ನು, ಅಂದಿನ ಗೋಲ್ಡ್ ಕೋಸ್ಟನ್ನು, ಆಳಿದ್ದು ಹೇಗೆಂದು ನೋಡಿ. ಸೆಕೊಂಡಿ ಬಂದರಿನಿಂದ ಹೊರಟ ರೈಲು ಹಳಿ 1901ರಲ್ಲಿ ತಾರ್ಕ್ವಾದ ಚಿನ್ನದ ಗಣಿ ಮುಟ್ಟಿತು, ಮರುವರ್ಷ ಒಬುವಾಸಿಯ ಗಣಿ, 1903ರಲ್ಲಿ ಕುಮಾಸಿ. ಊರಿಂದೂರಿಗೆ ಜನ ಓಡಾಡಲೆಂದು ಹಾಕಿದ ಹಳಿಯಲ್ಲ ಅದು. ಗಣಿಯಿಂದ ಹಡಗಿಗೆ, ತೋಟದಿಂದ ಹಡಗಿಗೆ. ಸರ್ಕಾರದ ಆದಾಯವೆಂದರೆ ಮುಖ್ಯವಾಗಿ ಆ ಬಂದರಿನಲ್ಲಿ ಒಳಬರುವ, ಹೊರಹೋಗುವ ಸರಕಿನ ಮೇಲಿನ ಸುಂಕ. ಹಳ್ಳಿಯ ಮನೆಮನೆಯ ಲೆಕ್ಕ ಅದಕ್ಕೆ ಬೇಕಿರಲಿಲ್ಲ, ಬಾಗಿಲು ಕಾದರೆ ಸಾಕಿತ್ತು. ಇತಿಹಾಸಕಾರರು ಇಂಥದ್ದನ್ನು 'ಬಾಗಿಲು ಕಾಯುವ ರಾಜ್ಯ' ಎಂದು ಕರೆದಿದ್ದಾರೆ. ಕನ್ನಡದಲ್ಲಿ ನಮಗೆ ಇನ್ನೂ ಹತ್ತಿರದ ಮಾತಿದೆ, ಸುಂಕದ ಕಟ್ಟೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಪ್ರಯೋಜನವಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ಅನುಭವದಿಂದ. ಅವನ ಕಣ್ಣು ಸರಕಿನ ಮೇಲೆ, ಹೇರಿಕೊಂಡು ಬಂದವನ ಬದುಕಿನ ಮೇಲಲ್ಲ.

1957ರ ಮಾರ್ಚ್ 6ರಂದು ಬಾವುಟ ಬದಲಾಯಿತು. ಸುಂಕದ ಕಟ್ಟೆ ಅಲ್ಲೇ ಇತ್ತು, ಅದರ ಮೇಲೆ ಈಗ ಸ್ವಾತಂತ್ರ್ಯ ಹೋರಾಟದ ನಾಯಕ ಕ್ವಾಮೆ ಎನ್ಕ್ರುಮಾ ಕೂತರು.

ಘಾನಾದ ಕೊಕ್ಕೋ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಸ್ವಾವಲಂಬನೆ ಎಂಬ ದೊಡ್ಡ ಮಾತಿನ ಒಳಸುಳಿಗಳೆಲ್ಲ ಅದರಲ್ಲೇ ಇವೆ. ಆ ಬೆಳೆಯನ್ನು ಹಬ್ಬಿಸಿದ್ದು ಬ್ರಿಟಿಷ್ ತೋಟಗಾರರಲ್ಲ, ಆಫ್ರಿಕದ ಸಣ್ಣ ರೈತರೇ. ಸ್ವಂತ ದುಡ್ಡಲ್ಲಿ ಕಾಡುಭೂಮಿ ಕೊಂಡು, ವಲಸೆ ಹೋಗಿ, ಬೆಳೆದು, ಗೋಲ್ಡ್ ಕೋಸ್ಟನ್ನು ಜಗತ್ತಿನ ಅತಿದೊಡ್ಡ ಕೊಕ್ಕೋ ನಾಡಾಗಿ ಮಾಡಿದ್ದರು. 1937ರಲ್ಲಿ ಯುರೋಪಿನ ಕಂಪನಿಗಳು ಒಳಒಪ್ಪಂದ ಮಾಡಿಕೊಂಡು ಖರೀದಿ ದರ ಕುಗ್ಗಿಸಿದಾಗ ಈ ರೈತರು ಬೀಜ ಮಾರುವುದನ್ನೇ ನಿಲ್ಲಿಸಿದರು. ವಿದೇಶಿ ಸರಕನ್ನೂ ಕೊಳ್ಳಲಿಲ್ಲ. ತಿಂಗಳುಗಟ್ಟಲೆ, 1938ರ ಏಪ್ರಿಲ್‌ವರೆಗೆ, ಕಟ್ಟು ಬಿಗಿಯಾಗಿತ್ತು. ಲಂಡನ್ನಿನಿಂದ ವಿಚಾರಣಾ ಆಯೋಗವೇ ಬರಬೇಕಾಯಿತು. ಲೆಕ್ಕ ಕೇಳುವ ಶಕ್ತಿ ಆಫ್ರಿಕದಲ್ಲಿ ಇರಲಿಲ್ಲ ಎನ್ನುವವರು ಈ ಚಳಿಗಾಲವನ್ನು ಮರೆಯಬಾರದು.

ಆ ಶಕ್ತಿಯನ್ನು ಮುರಿದದ್ದು ಒಂದು ಮಂಡಳಿ. ಯುದ್ಧಕಾಲದ ನಿಯಂತ್ರಣವನ್ನು ಮುಂದುವರಿಸಿ ಬ್ರಿಟಿಷರು 1947ರಲ್ಲಿ ಕೊಕ್ಕೋ ಮಾರುಕಟ್ಟೆ ಮಂಡಳಿ ಸ್ಥಾಪಿಸಿದರು. ರೈತ ಅದಕ್ಕಷ್ಟೇ ಮಾರಬೇಕು, ಅದು ಹೇಳಿದ ದರಕ್ಕೆ. ಬೆಲೆ ಬಿದ್ದ ವರ್ಷ ರೈತನನ್ನು ಕಾಪಾಡಲು, ಏರಿದ ವರ್ಷ ಹಣ ಕೂಡಿಡುತ್ತೇವೆ ಎಂಬುದು ಸಮಜಾಯಿಷಿ. ಕೂಡಿಟ್ಟ ಹಣ ಲಂಡನ್ನಿನಲ್ಲಿತ್ತು. ಸ್ವಾತಂತ್ರ್ಯಕ್ಕೆ ಮೊದಲೇ ಬ್ರಿಟಿಷರ ಅಡಿಯಲ್ಲಿ ರಚನೆಯಾಗಿದ್ದ ಎನ್ಕ್ರುಮಾ ಸರ್ಕಾರ ಈ ಮಂಡಳಿಯನ್ನು ಮುಚ್ಚಲಿಲ್ಲ, ಅದನ್ನೇ ತನ್ನ ಖಜಾನೆಯ ಕೊಳವೆ ಮಾಡಿಕೊಂಡಿತು. 1954ರಲ್ಲಿ ಜಾಗತಿಕ ಬೆಲೆ ಗಗನಕ್ಕೇರಿದ್ದಾಗ ರೈತನಿಗೆ ಅರವತ್ತು ಪೌಂಡ್ ತೂಕದ ಹೊರೆಗೆ 72 ಶಿಲ್ಲಿಂಗ್ ಎಂದು ನಿಗದಿಪಡಿಸಲಾಯಿತು. ಹೊರಗಿನ ಬೆಲೆಯ ಅರ್ಧವೂ ಅಲ್ಲ ಅದು. ಅದೇ ಸೆಪ್ಟೆಂಬರಿನಲ್ಲಿ ಕುಮಾಸಿಯಲ್ಲಿ ರೈತರು, ಅಶಾಂಟಿ ಮುಖಂಡರು ಸೇರಿ ವಿರೋಧ ಪಕ್ಷ ಕಟ್ಟಿದರು.

ಎನ್ಕ್ರುಮಾ ಆ ಹಣವನ್ನು ಸ್ವಿಸ್ ಬ್ಯಾಂಕಿಗೆ ಕಳಿಸಿದವರಲ್ಲ. ಶಾಲೆಗಳನ್ನು ತೆರೆದರು, ತೇಮಾದಲ್ಲಿ ಬಂದರು ಕಟ್ಟಿದರು, ವೋಲ್ಟಾ ನದಿಗೆ ಅಕೊಸೊಂಬೊದಲ್ಲಿ ಅಣೆಕಟ್ಟು ಹಾಕಿದರು. ಕೊಕ್ಕೋ ಒಂದನ್ನೇ ನಂಬಿದ ದೇಶವನ್ನು ಕೈಗಾರಿಕೆಯ ದೇಶ ಮಾಡುವ ಕನಸು ಪ್ರಾಮಾಣಿಕವಾಗಿತ್ತು. ಆದರೆ ಹಣ ಕೊಟ್ಟ ರೈತನಿಗೆ ಆ ಕನಸಿನ ಲೆಕ್ಕ ಕೇಳುವ ದಾರಿ ಒಂದೊಂದಾಗಿ ಮುಚ್ಚಿತು. 1958ರಲ್ಲಿ ವಿಚಾರಣೆಯಿಲ್ಲದೆ ಬಂಧಿಸಿಡುವ ಕಾಯ್ದೆ ಬಂತು. 1961ರಲ್ಲಿ ಸೆಕೊಂಡಿ-ತಾಕೊರಾಡಿಯ ರೈಲ್ವೆ ಕಾರ್ಮಿಕರ ಮುಷ್ಕರವನ್ನು ಹತ್ತಿಕ್ಕಲಾಯಿತು. 1964ರಲ್ಲಿ ಏಕಪಕ್ಷ ರಾಜ್ಯ. ಸ್ವಾತಂತ್ರ್ಯ ಹೋರಾಟದ ಹಿರಿಯ ಜೆ.ಬಿ. ಡಾಂಕ್ವಾ 1965ರಲ್ಲಿ ಸೆರೆಮನೆಯಲ್ಲೇ ತೀರಿಕೊಂಡರು. ಅದೇ ವರ್ಷ ಕೊಕ್ಕೋ ಬೆಲೆ ನೆಲಕಚ್ಚಿತು. 1966ರ ಫೆಬ್ರುವರಿ 24ರಂದು, ಎನ್ಕ್ರುಮಾ ವಿದೇಶದಲ್ಲಿದ್ದಾಗ, ಸೈನ್ಯ ಅಧಿಕಾರ ಕಿತ್ತುಕೊಂಡಿತು.

ಅಣೆಕಟ್ಟಿನ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. ಅದರ ಜಲಾಶಯಕ್ಕಾಗಿ ಸುಮಾರು 80,000 ಜನ ಊರು ಬಿಟ್ಟರು. ವಿದ್ಯುತ್ತಿನ ದೊಡ್ಡ ಪಾಲು ಅಮೆರಿಕದ ಕೈಸರ್ ಕಂಪನಿ ಹಿಡಿತದ ಅಲ್ಯೂಮಿನಿಯಂ ಕಾರ್ಖಾನೆಗೆ ದೀರ್ಘಾವಧಿ ಒಪ್ಪಂದದಲ್ಲಿ ಅತ್ಯಂತ ಅಗ್ಗದ ದರಕ್ಕೆ ಹೋಯಿತು. ಘಾನಾದ ನೆಲದಲ್ಲಿ ಅಲ್ಯೂಮಿನಿಯಂನ ಅದಿರಾದ ಬಾಕ್ಸೈಟ್ ಇದೆ. ಆದರೂ ಕಾರ್ಖಾನೆ ನಡೆದದ್ದು ಹೊರದೇಶದಿಂದ ಹಡಗಿನಲ್ಲಿ ತಂದ ಅಲ್ಯೂಮಿನಾದಿಂದ. ಸ್ವಾವಲಂಬನೆಯ ಹೆಮ್ಮೆಯ ಗುರುತಾದ ಅಣೆಕಟ್ಟೇ ಪರಾವಲಂಬನೆಯ ಕರಾರಿಗೆ ಸಹಿ ಹಾಕಿಸಿಕೊಂಡಿತ್ತು. ಇಲ್ಲಿ ವಸಾಹತುಶಾಹಿಯ ಉಳಿಕೆ ಕಣ್ಣಿಗೆ ಕಾಣುತ್ತದೆ. ಸಾಲ ಕೊಡುವವನು ಷರತ್ತು ಬರೆಯುತ್ತಾನೆ, ಬಂಡವಾಳವಿಲ್ಲದವನು ಒಪ್ಪುತ್ತಾನೆ. ಆ ಕರಾರನ್ನು ತಿದ್ದಿಸಲು 1980ರ ದಶಕದವರೆಗೆ ಕಾಯಬೇಕಾಯಿತು.

ಇತ್ತ ರೈತ ಕೂಗಾಡಲು ಆಗದಿದ್ದಾಗ ಕಾಲಿನಿಂದ ಮತ ಹಾಕಿದ. ರಾತ್ರೋರಾತ್ರಿ ಬೀಜ ಗಡಿ ದಾಟಿ ಐವರಿ ಕೋಸ್ಟಿಗೆ, ಟೋಗೊಗೆ ಹೋಗತೊಡಗಿತು. ಹಳೆಯ ಮರ ಕಡಿದು ಹೊಸ ಸಸಿ ನೆಡುವ ಉಮೇದು ಹೋಯಿತು. 1964-65ರಲ್ಲಿ 5.5 ಲಕ್ಷ ಟನ್ ದಾಟಿದ್ದ ಬೆಳೆ 1983-84ರ ಹೊತ್ತಿಗೆ 1.6 ಲಕ್ಷ ಟನ್ನಿಗೂ ಕೆಳಗೆ ಬಂತು. ಬರ, ಕಾಡ್ಗಿಚ್ಚು ಸೇರಿದ್ದವು, ನಿಜ. ಆದರೆ ಆ ಕುಸಿತದ ಬಹುಪಾಲು, ಕೇಳಿಸಿಕೊಳ್ಳದ ಸರ್ಕಾರಕ್ಕೆ ರೈತರು ಕೊಟ್ಟ ಮೌನದ ಉತ್ತರ.

ಇದು ಹಳೆಯ ಕಥೆಯಲ್ಲ. 2024ರಲ್ಲಿ ಜಾಗತಿಕ ಕೊಕ್ಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿದಾಗ ಘಾನಾದ ರೈತನಿಗೆ ಆ ಏರಿಕೆಯ ಚೂರು ಮಾತ್ರ ದಕ್ಕಿತು. ಮಂಡಳಿ ಬೆಳೆಯನ್ನು ಹಿಂದಿನ ವರ್ಷದ ಕಡಿಮೆ ದರಕ್ಕೇ ಮುಂಗಡವಾಗಿ ಮಾರಿಬಿಟ್ಟಿತ್ತು. ಮತ್ತೆ ಬೀಜ ಗಡಿ ದಾಟಿತು. ಕೆಲವರು ತೋಟವನ್ನೇ ಅಕ್ರಮ ಚಿನ್ನ ಅಗೆಯುವವರಿಗೆ ಬಿಟ್ಟುಕೊಟ್ಟರು. ಆ ಗಣಿಗಾರಿಕೆಗೆ ಅಲ್ಲಿ 'ಗಲಾಮ್ಸೆ' ಎನ್ನುತ್ತಾರೆ. ಅದರಿಂದ ಪ್ರಾ ನದಿಯ ನೀರು ಕೆಸರಿನ ಬಣ್ಣಕ್ಕೆ ತಿರುಗಿದೆ. ಅದೇ ವರ್ಷ ದಕ್ಷಿಣ ಕನ್ನಡದಲ್ಲಿ ಹಸಿ ಕೊಕ್ಕೋ ದರ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದ್ದನ್ನು ನಮ್ಮ ತೋಟದವರು ಬಲ್ಲರು. ಅಡಿಕೆ ಮರಗಳ ನಡುವಿನ ಈ ಉಪಬೆಳೆಗೆ ಇಲ್ಲಿ ಬೆಳೆಗಾರರದ್ದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಇದೆ, 1986ರಿಂದ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಇದೆ, ದರ ಸರಿಯಿಲ್ಲದಿದ್ದರೆ ಮಹಾಸಭೆಯಲ್ಲಿ ಎದ್ದು ನಿಂತು ಕೇಳಬಹುದು. ನಮ್ಮದು ಪ್ರಮಾಣದಲ್ಲಿ ಹನಿಯಷ್ಟು, ಘಾನಾದ್ದು ಕೆರೆಯಷ್ಟು, ಹಾಗಾಗಿ ಹೋಲಿಕೆಯನ್ನು ಹೆಚ್ಚು ಎಳೆಯುವುದಿಲ್ಲ. ಆದರೂ ಬೆಳೆದವನಿಗೆ ಮಾರುವ ಸಂಸ್ಥೆಯ ಮೇಲೆ ಹಿಡಿತವಿದ್ದರೆ ಏನಾಗುತ್ತದೆ ಎಂಬುದು ಅದರಲ್ಲಿ ಕಾಣುತ್ತದೆ.

ಘಾನಾದ 2022ರ ದಿವಾಳಿಗೆ ಕೋವಿಡ್, ಉಕ್ರೇನ್ ಯುದ್ಧ ಕಾರಣವೆಂದು ಸರ್ಕಾರ ಹೇಳಿತು. ಅವೂ ಕಾರಣವೇ. ಆದರೆ ಅದೇ ಕಾಲದಲ್ಲಿ ಅಕ್ರಾದ ನಡುಮಧ್ಯೆ ರಾಷ್ಟ್ರೀಯ ಕೆಥೆಡ್ರಲ್ ಕಟ್ಟುತ್ತೇವೆಂದು ನ್ಯಾಯಾಧೀಶರ ವಸತಿಗಳನ್ನು ಕೆಡವಿ ನೆಲ ಅಗೆಯಲಾಗಿತ್ತು. 5.8 ಕೋಟಿ ಡಾಲರ್ ಖರ್ಚಾದ ಮೇಲೆ ಉಳಿದದ್ದು ಒಂದು ಹೊಂಡ. ಹಣಕಾಸು ಸಚಿವರಾಗಿದ್ದವರು ಅಧ್ಯಕ್ಷರ ಬಂಧು. 2022ರ ಅಕ್ಟೋಬರಿನಲ್ಲಿ ಆಡಳಿತ ಪಕ್ಷದವರೇ ಆದ ಸುಮಾರು 80 ಸಂಸದರು ಅವರನ್ನು ಕೆಳಗಿಳಿಸಿ ಎಂದು ಬಹಿರಂಗವಾಗಿ ಕೇಳಿದರೂ ಅಧ್ಯಕ್ಷರು ಒಪ್ಪಲಿಲ್ಲ. ಡಿಸೆಂಬರಿನ ಖಂಡನಾ ನಿರ್ಣಯ ಮೂರನೇ ಎರಡು ಬಹುಮತವಿಲ್ಲದೆ ಬಿತ್ತು. ಹಣಕಾಸು ನಿಧಿಯ ಅಧಿಕಾರಿಗಳು ಅಕ್ರಾಕ್ಕೆ ಬಂದಾಗ ಮಾತ್ರ ಕಡತಗಳೆಲ್ಲ ಮೇಜಿನ ಮೇಲೆ ಬಂದವು. ತನ್ನ ಸಂಸತ್ತಿಗೆ ಹೇಳದ್ದನ್ನು ಸಾಲ ಕೊಡುವವನಿಗೆ ಹೇಳುವ ಸರ್ಕಾರ ಎಷ್ಟು ಭಾಷಣ ಮಾಡಿದರೂ ಸ್ವತಂತ್ರವಲ್ಲ. ಪಿಂಚಣಿದಾರರಿಗೆ ಕೊನೆಗೆ ವಿನಾಯಿತಿ ಸಿಕ್ಕಿತು, ಬಿಸಿಲಲ್ಲಿ ಕೂತು ಪಡೆದದ್ದು ಅದು. ಎರಡು ವರ್ಷದ ನಂತರ, 2024ರ ಡಿಸೆಂಬರಿನಲ್ಲಿ, ಮತದಾರರು ಆ ಪಕ್ಷವನ್ನು ಮನೆಗೆ ಕಳಿಸಿದರು.

ಸ್ವಾವಲಂಬನೆ ಎಂಬ ಮಾತನ್ನು ಆಫ್ರಿಕದಲ್ಲಿ ಅತ್ಯಂತ ಶ್ರದ್ಧೆಯಿಂದ ಆಡಿದವರು ತಾಂಜಾನಿಯಾದ ಜೂಲಿಯಸ್ ನೈರೇರೆ. 1967ರ ಫೆಬ್ರುವರಿ 5ರ ಅರೂಷಾ ಘೋಷಣೆಯಲ್ಲಿ ಅದಕ್ಕೆ ಜೋಡಿಯಾಗಿ ನಾಯಕರ ನಡಾವಳಿಯ ನಿಯಮವೂ ಇತ್ತು. ಪಕ್ಷದ, ಸರ್ಕಾರದ ಮುಖಂಡರು ಕಂಪನಿ ಷೇರು ಇಟ್ಟುಕೊಳ್ಳಬಾರದು, ನಿರ್ದೇಶಕರಾಗಬಾರದು, ಎರಡು ಸಂಬಳ ಪಡೆಯಬಾರದು, ಮನೆ ಕಟ್ಟಿ ಬಾಡಿಗೆಗೆ ಕೊಡಬಾರದು. ಇಂಥ ನಿಯಮ ಬರೆದು ತಾವೂ ಹಾಗೇ ಬದುಕಿದ ಆಡಳಿತಗಾರರು ಪ್ರಪಂಚದಲ್ಲೇ ವಿರಳ, ಅವರ ಬಗ್ಗೆ ನನಗೆ ಗೌರವವಿದೆ. ಆದರೂ ಜನ ಒಂದೆಡೆ ಸೇರಿ ಒಟ್ಟಾಗಿ ಬೇಸಾಯ ಮಾಡುವ ಉಜಾಮಾ ಗ್ರಾಮಗಳ ಯೋಜನೆ 1973ರ ನಂತರ ಬಲವಂತಕ್ಕೆ ತಿರುಗಿತು. ಒಂದು ಕೋಟಿಗೂ ಹೆಚ್ಚು ಜನ ಹೊಸ ಗ್ರಾಮಗಳಿಗೆ ಬಂದರು, ಅನೇಕರ ಹಳೆಯ ಗುಡಿಸಲುಗಳನ್ನು ಕೆಡವಿ ಕರೆತರಲಾಯಿತು. ಬೇಡ ಎನ್ನಲು ಅವರಿಗೆ ವಿರೋಧ ಪಕ್ಷವಿರಲಿಲ್ಲ, ಸ್ವತಂತ್ರ ಪತ್ರಿಕೆಯಿರಲಿಲ್ಲ. ಫಸಲು ಕುಸಿಯಿತು, ಆಹಾರ ಆಮದಾಯಿತು. ಸ್ವಾವಲಂಬನೆಯ ಘೋಷಣೆ ಹೊರಡಿಸಿದ ದೇಶ 1970ರ ದಶಕದಲ್ಲಿ ವಿದೇಶಿ ನೆರವನ್ನು ಅತಿ ಹೆಚ್ಚು ಪಡೆದ ಆಫ್ರಿಕದ ದೇಶಗಳಲ್ಲಿ ಒಂದಾಯಿತು. ನಾಯಕನ ಪ್ರಾಮಾಣಿಕತೆಯೊಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ನೋವಿನ ನಿದರ್ಶನ ನನಗೆ ತಿಳಿದಿಲ್ಲ. ಅವರ ನಂತರ ಉಳಿದದ್ದು ಏಕಪಕ್ಷದ ಯಂತ್ರ. ನಾಯಕರ ನಿಯಮವನ್ನು 1991ರಲ್ಲಿ ಜಾಂಜಿಬಾರಿನಲ್ಲಿ ಸೇರಿದ ಪಕ್ಷವೇ ಸಡಿಲಿಸಿತು.

ಮೊಜಾಂಬಿಕ್‌ನಲ್ಲಿ ನಡೆದದ್ದು ಇನ್ನೂ ಘೋರ. 2013-14ರಲ್ಲಿ ಟ್ಯೂನಾ ಮೀನುಗಾರಿಕೆ, ಕರಾವಳಿ ಕಾವಲಿನ ಹೆಸರಲ್ಲಿ ಮೂರು ಸರ್ಕಾರಿ ಕಂಪನಿಗಳು ಕ್ರೆಡಿಟ್ ಸ್ವಿಸ್ ಮತ್ತು ರಷ್ಯಾದ ವಿಟಿಬಿ ಬ್ಯಾಂಕುಗಳಿಂದ ಸುಮಾರು 200 ಕೋಟಿ ಡಾಲರ್ ಸಾಲ ಎತ್ತಿದವು. ಸಂಸತ್ತಿನ ಒಪ್ಪಿಗೆಯಿಲ್ಲದೆ ಹಣಕಾಸು ಸಚಿವ ಮಾನುಯೆಲ್ ಚಾಂಗ್ ದೇಶದ ಪರವಾಗಿ ಖಾತರಿಗೆ ಸಹಿ ಹಾಕಿದರು. 2016ರಲ್ಲಿ ಗುಟ್ಟು ರಟ್ಟಾದಾಗ ನೆರವು ನಿಂತಿತು, ನಾಣ್ಯ ಬಿತ್ತು, ದೇಶ ಸಾಲ ಕಟ್ಟಲಾಗದೆ ನಿಂತಿತು. ಟ್ಯೂನಾ ದೋಣಿಗಳು ಮಪುಟೊ ಬಂದರಿನಲ್ಲಿ ತುಕ್ಕು ಹಿಡಿದವು. ಚಾಂಗ್ ಜೊಹಾನ್ಸ್‌ಬರ್ಗ್ ವಿಮಾನನಿಲ್ದಾಣದಲ್ಲಿ ಸಿಕ್ಕಿಬಿದ್ದು, 2024ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ನ್ಯಾಯಾಲಯದಲ್ಲಿ ತಪ್ಪಿತಸ್ಥರೆನಿಸಿದರು. ಮರುವರ್ಷ ಎಂಟೂವರೆ ವರ್ಷದ ಶಿಕ್ಷೆಯಾಯಿತು. ಕ್ರೆಡಿಟ್ ಸ್ವಿಸ್ ದಂಡ ಕಟ್ಟಿತು, ಅಮೆರಿಕ ಮತ್ತು ಬ್ರಿಟನ್ನಿನ ನಿಯಂತ್ರಕರಿಗೆ. ಮೋಸದಲ್ಲಿ ಯುರೋಪಿನ ಬ್ಯಾಂಕರುಗಳು ಸಮಪಾಲುದಾರರು ಎಂಬುದನ್ನು ಯಾರೂ ಮುಚ್ಚಿಡಬಾರದು. ಆದರೂ ನನ್ನನ್ನು ಕಾಡುವುದು ಬೇರೆ ಸಂಗತಿ. ಮೊಜಾಂಬಿಕ್‌ನ ಸಚಿವ ಬ್ರೂಕ್ಲಿನ್ನಿನ ಕಟಕಟೆಯಲ್ಲಿ ನಿಂತದ್ದು ಮುಖ್ಯವಾಗಿ ಅಮೆರಿಕದ ಹೂಡಿಕೆದಾರರಿಗೆ ಆದ ನಷ್ಟಕ್ಕೆ. ಆಸ್ಪತ್ರೆಯಲ್ಲಿ ಔಷಧ ಸಿಗದ ಮೊಜಾಂಬಿಕ್‌ನ ತಾಯಿ ಆ ಮೊಕದ್ದಮೆಯಲ್ಲಿ ದೂರುದಾರಳಲ್ಲ. ಮಪುಟೊ ನ್ಯಾಯಾಲಯವೂ ಮಾಜಿ ಅಧ್ಯಕ್ಷರ ಮಗ ಸೇರಿ ಹಲವರಿಗೆ 2022ರಲ್ಲಿ ಶಿಕ್ಷೆ ವಿಧಿಸಿತು. ಅದು ಸಣ್ಣದಲ್ಲ. ಸಾಲದ ಹೊರೆ ಮಾತ್ರ ಜನರ ಹೆಗಲ ಮೇಲೇ ಉಳಿಯಿತು.

ಬೋಟ್ಸ್ವಾನಾವನ್ನು ಎಲ್ಲರೂ ಯಶಸ್ಸಿನ ಕಥೆಯಾಗಿ ಹೇಳುತ್ತಾರೆ. 1966ರಲ್ಲಿ ಸ್ವಾತಂತ್ರ್ಯ ಬಂದಾಗ ಇಡೀ ದೇಶಕ್ಕೆ 12 ಕಿಲೋಮೀಟರ್ ಡಾಂಬರು ರಸ್ತೆ. ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಹೆಚ್ಚಿನ ಕಡೆ ಅಂಥ ನಿಕ್ಷೇಪವೇ ಶಾಪವಾಗಿದೆ. ಇಲ್ಲಿ ಹಾಗಾಗದಿರಲು ಒಂದು ಕಾರಣ, ವಜ್ರದ ಗಣಿ ಶುರುವಾಗುವ ಮೊದಲೇ ಆದ ತೀರ್ಮಾನ. ನೆಲದಡಿಯ ಖನಿಜದ ಹಕ್ಕು ಬುಡಕಟ್ಟುಗಳದ್ದಲ್ಲ, ಇಡೀ ದೇಶದ್ದು ಎಂದು 1967ರ ಕಾಯ್ದೆ ಹೇಳಿತು. ಅಧ್ಯಕ್ಷ ಸೆರೆತ್ಸೆ ಖಾಮಾ ತಮ್ಮದೇ ಬಮಾಂಗ್ವಾಟೊ ಜನರ ಹಕ್ಕನ್ನೂ ದೇಶಕ್ಕೆ ಒಪ್ಪಿಸಿದರು. ಡಿ ಬೀರ್ಸ್ ಕಂಪನಿಯನ್ನು ಹೊರಗಟ್ಟಲಿಲ್ಲ, ಕೂತು ಚೌಕಾಸಿ ಮಾಡಿ 1975ರ ಹೊತ್ತಿಗೆ ಗಣಿ ಕಂಪನಿಯಲ್ಲಿ ಅರ್ಧ ಪಾಲು ಪಡೆದರು. ವಜ್ರ ತೀರಿದ ಮೇಲಿನ ಕಾಲಕ್ಕೆಂದು ಉಳಿತಾಯ ನಿಧಿ ಇಟ್ಟರು. ಇದರ ಬೆನ್ನಿಗೆ 'ಖೊಟ್ಲಾ' ಎಂಬ ಹಳೆಯ ಊರಸಭೆಯ ರೂಢಿಯಿತ್ತು. ಮುಖ್ಯಸ್ಥನ ಎದುರೇ ಯಾರಾದರೂ ಎದ್ದು ಮಾತಾಡಬಹುದು. ಅರಸ ಅರಸನಾಗುವುದು ಜನರಿಂದ ಎಂಬ ಅರ್ಥದ ಗಾದೆ ತ್ಸ್ವಾನಾ ಭಾಷೆಯಲ್ಲಿದೆ.

ಆದರೆ ಅಲ್ಲಿಯೂ ಎಲ್ಲ ಸರಿಯಿರಲಿಲ್ಲ. ಕಲಹಾರಿಯ ಸಾನ್ ಜನರನ್ನು ಅವರ ನೆಲದಿಂದ ಎಬ್ಬಿಸಲಾಯಿತು, ಅದು ಕಾನೂನುಬಾಹಿರ ಎಂದು 2006ರಲ್ಲಿ ಅಲ್ಲಿನ ನ್ಯಾಯಾಲಯವೇ ಹೇಳಿತು. ಪ್ರಯೋಗಾಲಯದ ವಜ್ರ ಬಂದು ಬೆಲೆ ಬಿದ್ದಾಗ, ಇಷ್ಟು ವರ್ಷ ಒಂದೇ ಕಲ್ಲನ್ನು ನಂಬಿದ್ದು ಬಯಲಾಯಿತು. 2025ರ ಆಗಸ್ಟಿನಲ್ಲಿ ಔಷಧಗಳ ಕೊರತೆಯಿಂದ ಆರೋಗ್ಯ ತುರ್ತುಸ್ಥಿತಿಯನ್ನೇ ಸಾರಬೇಕಾಯಿತು. ಹಾಗಿದ್ದರೂ ಒಂದು ವ್ಯತ್ಯಾಸ ಗಮನಿಸಿ. 2024ರ ಅಕ್ಟೋಬರಿನ ಚುನಾವಣೆಯಲ್ಲಿ 58 ವರ್ಷ ಆಳಿದ ಪಕ್ಷ ನಾಲ್ಕೇ ಸ್ಥಾನಕ್ಕೆ ಇಳಿಯಿತು. ಅಧ್ಯಕ್ಷ ಮಸಿಸಿ ಎಣಿಕೆ ಮುಗಿಯುವ ಮೊದಲೇ ಸೋಲೊಪ್ಪಿ ಡುಮಾ ಬೊಕೊ ಅವರಿಗೆ ದಾರಿ ಬಿಟ್ಟರು. ಒಂದು ಗುಂಡೂ ಹಾರಲಿಲ್ಲ.

ಗುಂಡಿನಿಂದಲೇ ಬಂದವರ ಕಡೆಗೆ ಈಗ ಆಫ್ರಿಕದ ಯುವಜನರ ಕಣ್ಣಿದೆ. ಬುರ್ಕಿನಾ ಫಾಸೊದ ಕ್ಯಾಪ್ಟನ್ ಇಬ್ರಾಹಿಂ ತ್ರಾವೊರೆ 2022ರ ಸೆಪ್ಟೆಂಬರಿನಲ್ಲಿ ಅಧಿಕಾರ ಹಿಡಿದಾಗ ಅವರಿಗೆ 34 ವರ್ಷ. ಫ್ರೆಂಚ್ ಸೈನಿಕರನ್ನು ಹೊರಡಿಸಿದರು, ಕೆಲವು ಚಿನ್ನದ ಗಣಿಗಳನ್ನು ದೇಶದ ವಶಕ್ಕೆ ತಂದರು. 1987ರ ಅಕ್ಟೋಬರ್ 15ರಂದು ಕೊಲೆಯಾದ ದೇಶದ ಅಧ್ಯಕ್ಷ ತೊಮಾ ಸಂಕಾರಾ ಅವರ ನೆನಪನ್ನು ಮತ್ತೆ ಎತ್ತಿ ಹಿಡಿದರು. ನೆರೆಯ ಮಾಲಿ 2023ರ ಕಾನೂನಿನಲ್ಲಿ ಗಣಿಗಳ ಸ್ಥಳೀಯ ಪಾಲನ್ನು ಶೇ 35ರವರೆಗೆ ಏರಿಸಿತು. ಈ ಬೇಡಿಕೆಗಳು ನ್ಯಾಯವಾದವೇ. ನೆಲ ನಮ್ಮದು, ಚಿನ್ನ ನಮ್ಮದು, ನಮಗೇಕೆ ಬಡತನ ಎಂದು ಕೇಳುವ ಹುಡುಗನಿಗೆ ನೀತಿಪಾಠ ಹೇಳುವ ಹಕ್ಕು ಪ್ಯಾರಿಸ್ಸಿಗೆ ಇಲ್ಲ. ಆದರೆ ಆ ಚಿನ್ನದ ಹಣ ಎಲ್ಲಿ ಹೋಯಿತೆಂದು ನಾಳೆ ಕೇಳುವವರು ಯಾರು? ಬುರ್ಕಿನಾದಲ್ಲಿ ಸೈನಿಕ ಆಡಳಿತದ ಅವಧಿ 2024ರಲ್ಲಿ ಇನ್ನೂ ಐದು ವರ್ಷ ಬೆಳೆಯಿತು. ಟೀಕಿಸಿದ ಪತ್ರಕರ್ತರನ್ನು, ನ್ಯಾಯಾಧೀಶರನ್ನು ಬಲವಂತವಾಗಿ ಯುದ್ಧದ ಮುಂಚೂಣಿಗೆ ಕಳಿಸುವ ಆದೇಶಗಳು ಹೊರಟವು. ಮಾಲಿಯಲ್ಲಿ 2025ರ ಮೇ ತಿಂಗಳಲ್ಲಿ ಎಲ್ಲ ರಾಜಕೀಯ ಪಕ್ಷಗಳನ್ನೂ ವಿಸರ್ಜಿಸಲಾಯಿತು. ಸಂಕಾರಾ ಕೂಡ 1984ರಲ್ಲಿ ಮುಷ್ಕರ ಹೂಡಿದ ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ಕೆಲಸದಿಂದ ತೆಗೆದಿದ್ದರು. ಅವರ ಸರಳತೆಯನ್ನು ನೆನೆಯುವಾಗ ಇದನ್ನು ಬಿಟ್ಟು ನೆನೆಯುವುದು ಸರಿಯಲ್ಲ.

ಆಸ್ಪತ್ರೆಗಳ ವಿಷಯಕ್ಕೆ ಬರುತ್ತೇನೆ. ಜಿಂಬಾಬ್ವೆಯ ಮುಗಾಬೆ 2019ರಲ್ಲಿ ತೀರಿಕೊಂಡದ್ದು ಸಿಂಗಪುರದಲ್ಲಿ. ಜಾಂಬಿಯಾದ ಅಧ್ಯಕ್ಷರಾಗಿದ್ದಾಗಲೇ ಮ್ವಾನವಾಸಾ ಪ್ಯಾರಿಸ್ಸಿನಲ್ಲಿ, ಸಾಟಾ ಲಂಡನ್ನಿನಲ್ಲಿ. ಅಂಗೋಲಾದ ಡೋಸ್ ಸಾಂಟೋಸ್ ಬಾರ್ಸಿಲೋನಾದಲ್ಲಿ. ನೈಜೀರಿಯಾದ ಬುಹಾರಿ 2025ರ ಜುಲೈನಲ್ಲಿ ಲಂಡನ್ನಿನಲ್ಲಿ. ಕಾಯಿಲೆಗೆ ಒಳ್ಳೆಯ ಚಿಕಿತ್ಸೆ ಹುಡುಕುವುದು ತಪ್ಪಲ್ಲ. ಪೂರ್ವ ಆಫ್ರಿಕದ ಎಷ್ಟೋ ಕುಟುಂಬಗಳು ಬೆಂಗಳೂರಿನ ಆಸ್ಪತ್ರೆಗಳಿಗೆ ಮನೆಮಠ ಮಾರಿ ಬರುತ್ತವೆ, ಆ ಸಂಕಟ ನಮ್ಮೂರಿಗೆ ಗೊತ್ತು. ಆದರೆ ತನ್ನ ಊರಿನ ಆಸ್ಪತ್ರೆಯಲ್ಲಿ ತಾನೇ ಮಲಗಬೇಕಾಗಿಲ್ಲದ ನಾಯಕನಿಗೆ ಅದನ್ನು ಸರಿಪಡಿಸುವ ಆತುರ ಎಲ್ಲಿಂದ ಬರಬೇಕು? ಆರೋಗ್ಯಕ್ಕೆ ಬಜೆಟ್ಟಿನ ಶೇ 15 ಕೊಡುತ್ತೇವೆಂದು ಆಫ್ರಿಕದ ಸರ್ಕಾರಗಳು 2001ರಲ್ಲಿ ಅಬುಜಾದಲ್ಲಿ ಮಾತು ಕೊಟ್ಟಿದ್ದವು. ಬಹುಪಾಲು ದೇಶಗಳು ಅದರ ಹತ್ತಿರವೂ ಬಂದಿಲ್ಲ. ದಾನಿಗಳು ಕೊಡುತ್ತಿದ್ದರು, ಹಾಗಾಗಿ ನಡೆಯುತ್ತಿತ್ತು. 2025ರ ಜನವರಿಯಲ್ಲಿ ಅಮೆರಿಕ ಒಂದೇ ಆದೇಶದಲ್ಲಿ ನೆರವು ನಿಲ್ಲಿಸಿದಾಗ ಎಚ್‌ಐವಿ ಚಿಕಿತ್ಸಾ ಕೇಂದ್ರಗಳು ಬಾಗಿಲು ಹಾಕಿದವು. ಕೆಲವೇ ವಾರಗಳಲ್ಲಿ ನೈಜೀರಿಯಾದ ಸಂಸತ್ತು ಆರೋಗ್ಯಕ್ಕೆ ಹೆಚ್ಚುವರಿ 20 ಕೋಟಿ ಡಾಲರ್ ಒದಗಿಸಿತು. ಹಣ ಇತ್ತು ಅಂತಾಯಿತು. ಮೊದಲೇ ಯಾಕೆ ಕೊಡಲಿಲ್ಲ ಎಂದು ಅಲ್ಲಿನ ಜನ ಕೇಳುವುದು ಸಹಜ.

ಲಸಿಕೆಯ ಪಾಠದಲ್ಲಿ ಭಾರತವೂ ಇದೆ. 2021ರ ವಸಂತದಲ್ಲಿ ನಮ್ಮಲ್ಲಿ ಎರಡನೇ ಅಲೆ ಎದ್ದಾಗ ಪುಣೆಯಿಂದ ಹೋಗಬೇಕಿದ್ದ ಕೋವಿಡ್ ಲಸಿಕೆಯ ರಫ್ತು ನಿಂತಿತು. ಅದನ್ನೇ ನಂಬಿದ್ದ ಆಫ್ರಿಕ ತಿಂಗಳುಗಟ್ಟಲೆ ಬರಿಗೈಯಲ್ಲಿ ಕೂತಿತು. ತನ್ನ ಲಸಿಕೆಗಳಲ್ಲಿ ಆ ಖಂಡ ತಯಾರಿಸಿಕೊಳ್ಳುವುದು ಸುಮಾರು ಶೇ 1 ಮಾತ್ರ. ಸರಿ, ನಾವೇ ಮಾಡಿಕೊಳ್ಳುತ್ತೇವೆ ಎಂದು ದಕ್ಷಿಣ ಆಫ್ರಿಕದ ಆಸ್ಪೆನ್ ಕಂಪನಿ ಗ್ಕೆಬೆರ್ಹಾದ ಘಟಕವನ್ನು ಸಜ್ಜುಗೊಳಿಸಿತು. 2022ರಲ್ಲಿ ಅದರ ಹೆಸರಿನ ಕೋವಿಡ್ ಲಸಿಕೆಗೆ ಒಂದೇ ಒಂದು ಬೇಡಿಕೆ ಬರಲಿಲ್ಲ. ಜಾಗತಿಕ ಸಂಸ್ಥೆಗಳೂ ಕೊಳ್ಳಲಿಲ್ಲ, ವೇದಿಕೆಯ ಮೇಲೆ ಸ್ವಾವಲಂಬನೆ ಸಾರಿದ ಆಫ್ರಿಕದ ಸರ್ಕಾರಗಳೂ ಕೊಳ್ಳಲಿಲ್ಲ.

ಕೊನೆಗೆ ಕೀನ್ಯಾ. ಯಾಕೆಂದರೆ ಸುಂಕದ ಕಟ್ಟೆ ಅಲುಗಾಡಿದ ಸದ್ದು ನನಗೆ ಕೇಳಿಸಿದ್ದು ಅಲ್ಲಿ. ಸಾಲದ ಭಾರಕ್ಕೆ ಬಾಗಿದ ಸರ್ಕಾರ 2024ರ ಹಣಕಾಸು ಮಸೂದೆಯಲ್ಲಿ 34,600 ಕೋಟಿ ಶಿಲ್ಲಿಂಗ್ ಹೊಸ ತೆರಿಗೆ ಎತ್ತಲು ಹೊರಟಿತು. ಬ್ರೆಡ್ಡಿನ ಮೇಲೆ ಶೇ 16. ಅಧ್ಯಕ್ಷ ವಿಲಿಯಂ ರೂಟೊ ಅವರಿಗೆ ಜನ ಆಗಲೇ 'ಜಕಾಯೊ' ಎಂದು ಹೆಸರಿಟ್ಟಿದ್ದರು. ಬೈಬಲ್ಲಿನಲ್ಲಿ ಮರ ಹತ್ತಿ ಕೂತ, ಸುಂಕದವರ ಮುಖ್ಯಸ್ಥ ಜಕ್ಕಾಯನೇ ಆತ. 'ಜಕಾಯೊ, ಇಳಿದು ಬಾ' ಎಂಬುದು ಬೀದಿಯ ಕೂಗಾಯಿತು. ಆದರೆ ಆ ಕೂಗಿಗಿಂತ ನನಗೆ ಮುಖ್ಯವೆನಿಸಿದ್ದು ಅದಕ್ಕೆ ಮುಂಚಿನ ಕೆಲಸ. ಇಪ್ಪತ್ತರ ಹರೆಯದವರು ಮಸೂದೆಯನ್ನು ಕಲಮು ಕಲಮಾಗಿ ಓದಿದರು, ತಮ್ಮ ತಾಯ್ನುಡಿಗಳಿಗೆ ತಿರುಗಿಸಿದರು, ಟಿಕ್‌ಟಾಕ್‌ನಲ್ಲಿ ಬಿಡಿಸಿ ಹೇಳಿದರು. ಇವರಿಗೆ ಒಬ್ಬ ನಾಯಕ ಇರಲಿಲ್ಲ, ಪಕ್ಷವಿರಲಿಲ್ಲ. ಕುಲದ ಲೆಕ್ಕದಲ್ಲಿ ನಡೆಯುತ್ತಿದ್ದ ರಾಜಕಾರಣದಲ್ಲಿ ಇವರು ತೆರಿಗೆದಾರರಾಗಿ ಮಾತಾಡಿದರು. ಗಣಿಯ ಹಣ, ದಾನಿಯ ಹಣ ಎಲ್ಲಿ ಹೋಯಿತೆಂದು ಜನಕ್ಕೆ ತಿಳಿಯದು. ಬ್ರೆಡ್ಡಿನ ಮೇಲಿನ ತೆರಿಗೆ ಮಾತ್ರ ಪ್ರತಿ ಮುಂಜಾನೆ ತಿಳಿಯುತ್ತದೆ.

ಜೂನ್ 25ರಂದು ಜನ ಸಂಸತ್ತಿನೊಳಗೆ ನುಗ್ಗಿದರು, ಪೊಲೀಸರು ಗುಂಡು ಹಾರಿಸಿದರು. ಆ ಕೆಲವು ವಾರಗಳಲ್ಲಿ ಕನಿಷ್ಠ 39 ಮಂದಿ ಸತ್ತರೆಂದು ಅಲ್ಲಿನ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಜುಲೈ ಆರಂಭದಲ್ಲೇ ಹೇಳಿತು, ಆಮೇಲೆ ಆ ಸಂಖ್ಯೆ ಏರಿತು. ಗುಂಡು ಹಾರಿದ ಮರುದಿನವೇ, ಜೂನ್ 26ರಂದು, ರೂಟೊ ಮಸೂದೆ ಹಿಂತೆಗೆದುಕೊಂಡರು. ಎರಡು ವಾರದಲ್ಲಿ ಬಹುತೇಕ ಸಂಪುಟವನ್ನೇ ವಜಾ ಮಾಡಿದರು. ಆದರೆ ಅವರಲ್ಲಿ ಹಲವರು ಮತ್ತೆ ಕುರ್ಚಿಗೆ ಬಂದರು. ಸಾಲ ಹಾಗೇ ಇತ್ತು, ಕೊಂದವರಿಗೆ ಶಿಕ್ಷೆಯಾಗಲಿಲ್ಲ. ಅದೇ ದಿನದ ವರ್ಷಾಬ್ದಿಗೆ, 2025ರ ಜೂನ್ 25ರಂದು, ಸಾವಿರಾರು ಜನ ಮತ್ತೆ ನೈರೋಬಿಯ ಬೀದಿಗೆ ಬಂದಾಗ ಸಂಸತ್ತಿನ ಸುತ್ತ ಮುಳ್ಳುತಂತಿ ಎಳೆದಿದ್ದರು. ಅಂದೂ ಹತ್ತಕ್ಕೂ ಹೆಚ್ಚು ಹೆಣ ಬಿದ್ದವು.

ಆ ವರ್ಷದ ಹಣಕಾಸು ಮಸೂದೆಯಲ್ಲಿ ಮಾತ್ರ ಬ್ರೆಡ್ಡಿನ ತೆರಿಗೆ ಇರಲಿಲ್ಲ. ತೆರಿಗೆ ಇಲಾಖೆಗೆ ಜನರ ಖಾಸಗಿ ಮಾಹಿತಿಯನ್ನು ತೆರೆದಿಡುವ ಒಂದು ಕಲಮು ಅದರ ಮಧ್ಯದಲ್ಲಿ ಸೇರಿತ್ತು. ಹುಡುಗ ಹುಡುಗಿಯರು ಅದನ್ನೂ ಓದಿ ಹೊರಗೆಳೆದರು. ಸಂಸದೀಯ ಸಮಿತಿ ಆ ಕಲಮನ್ನು ಕೈಬಿಟ್ಟಿತು.